ಕಾಠ್ಮಂಡುವಿಗೆ ಸೇವಾ ಪ್ರವಾಸ: ಕರಪತ್ರದ ಗಂಟು ಉಡುಪಿಯಲ್ಲೇ ಇರಲಿ

ಓದುಗರ ಪತ್ರ: ನಮ್ಮ ಸಭೆಯ (ಚರ್ಚಿನ) ಯೌವನಸ್ಥರು 12 ಮಂದಿ ದೀಪಾವಳಿ ರಜೆಯಲ್ಲಿ 8 ದಿನ ಕಾಠ್ಮಂಡುವಿಗೆ ಸುವಾರ್ತಾ ಸೇವೆಗೆ ಹೊರಡುವವರಿದ್ದೇವೆ. ನೇಪಾಳಿ ಕರಪತ್ರ ಹಂಚುವುದು, ಬೀದಿ ನಾಟಕ, ಅನಾಥಾಶ್ರಮ ಭೇಟಿ, ಒಂದು ದಿನದ ವೈದ್ಯಕೀಯ ಶಿಬಿರ ಇಟ್ಟುಕೊಂಡಿದ್ದೇವೆ. ಏನೇನು ಸಿದ್ಧತೆ ಬೇಕು?
– ಸಂಘದ ಕಾರ್ಯದರ್ಶಿ, ಉಡುಪಿ

ಸಂಪಾದಕರ ಉತ್ತರ: ಹೋಗಿ ಬನ್ನಿ. ಆದರೆ ಪಟ್ಟಿಯಲ್ಲಿರುವ ನಾಲ್ಕೂ ಕಾರ್ಯಕ್ರಮಗಳನ್ನು ಕೈಬಿಟ್ಟು ಹೋಗಿ.

ಕಾನೂನಿನಿಂದ ಶುರು ಮಾಡೋಣ. ನೇಪಾಳದ ಸಂವಿಧಾನದಲ್ಲಿ ಅವರವರ ಧರ್ಮದ ಆಚರಣೆಗೆ ಅಡ್ಡಿಯಿಲ್ಲ, ಇನ್ನೊಬ್ಬರನ್ನು ಮತಾಂತರ ಮಾಡುವುದಕ್ಕೆ ನಿಷೇಧವಿದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಪರಾಧ ಸಂಹಿತೆಯ 158ನೇ ಕಲಮಿನಂತೆ ಇದಕ್ಕೆ 5 ವರ್ಷದವರೆಗೆ ಸೆರೆ, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯಾದರೆ ಶಿಕ್ಷೆ ಮುಗಿದ 7 ದಿನದೊಳಗೆ ಗಡೀಪಾರು. ಬೀದಿಯಲ್ಲಿ ಹಂಚಿದ ಒಂದು ಕರಪತ್ರ ಸಾಕು, ದೂರು ದಾಖಲಾಗಲು. ನೀವು ವಿಮಾನ ಹತ್ತಿ ಬಂದುಬಿಡುತ್ತೀರಿ. ಠಾಣೆಗೆ ಅಲೆಯುವವರು ನಿಮಗೆ ಊಟ ಹಾಕಿದ ಅಲ್ಲಿನ ಸಭಾಪಾಲಕರು. 2021ರ ಜನಗಣತಿಯಲ್ಲಿ ಅಲ್ಲಿನ ಕ್ರೈಸ್ತರು ಶೇ. 1.76 ಮಾತ್ರ. ಅಂಥ ಚಿಕ್ಕ ಸಮುದಾಯಕ್ಕೆ ಒಂದು ಮೊಕದ್ದಮೆಯ ಭಾರವೂ ದೊಡ್ಡದೇ.

ಫೋಟೋದ ವಿಷಯದಲ್ಲಂತೂ ಕಟ್ಟುನಿಟ್ಟಾಗಿರಿ. ‘ಇಷ್ಟು ಮಂದಿ ಯೇಸುವನ್ನು ಸ್ವೀಕರಿಸಿದರು’ ಎಂದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದರೆ ಅದೇ ಸಾಕ್ಷ್ಯವಾಗಬಹುದು. ಊರಿಗೆ ಮರಳಿ ಆರಾಧನೆಯಲ್ಲಿ ವರದಿ ಓದುವಾಗಲೂ ಅಲ್ಲಿನ ಸಭೆಯ ಹೆಸರು, ಬಡಾವಣೆ, ಮುಖ ಬೇಡ. ನಿಮ್ಮ ಸಭೆಯ ಆರಾಧನೆ ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾಗುತ್ತಿದ್ದರೆ ಆ ಹೊತ್ತಿಗೆ ನಿಲ್ಲಿಸಿ.

ಅನಾಥಾಶ್ರಮ ಎಂಬ ಹೆಸರಿರುವ ಕಡೆಯೂ ಅನೇಕ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ. ಓದಿಸುತ್ತೇವೆಂದು ಹಳ್ಳಿಯಿಂದ ಕರೆತಂದು, ಬರುವವರ ಕಾಣಿಕೆಗಾಗಿ ಮಕ್ಕಳನ್ನು ಅಲ್ಲೇ ಉಳಿಸಿಕೊಳ್ಳುವ ದಂಧೆ ಕಾಠ್ಮಂಡುವಿನಲ್ಲಿ ನಡೆದುಬಂದಿದೆ. ಚಾಕೊಲೇಟು ಹಿಡಿದು ಹೋಗುವ ನಿಮ್ಮ ಭೇಟಿ ಅದನ್ನು ಪೋಷಿಸುತ್ತದೆ. ವೈದ್ಯಕೀಯ ಶಿಬಿರಕ್ಕೆ ಹೊರಗಿನ ವೈದ್ಯರು ನೇಪಾಳ ಮೆಡಿಕಲ್ ಕೌನ್ಸಿಲಿನ ತಾತ್ಕಾಲಿಕ ನೋಂದಣಿ ಪಡೆಯಬೇಕು. ಅದು ಸಿಕ್ಕಿತೆನ್ನಿ, 10 ದಿನದ ಬಿ.ಪಿ. ಮಾತ್ರೆ ಕೊಟ್ಟು ಬಂದರೆ 11ನೇ ದಿನ ರೋಗಿ ಏನು ಮಾಡಬೇಕು?

ಹಾಗಾದರೆ ಮಾಡುವುದೇನು? ಅಲ್ಲಿನ ಸಭೆಯನ್ನೇ ಕೇಳಿ. ಗೋಡೆಗೆ ಬಣ್ಣ, ವೈರಿಂಗ್, ಧ್ವನಿವರ್ಧಕದ ರಿಪೇರಿ, ಗಿಟಾರ್–ಕೀಬೋರ್ಡ್ ಪಾಠ, ನಿಮ್ಮಲ್ಲಿ ನರ್ಸ್ ಇದ್ದರೆ ಸಭೆಯವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನರಿಗಳು ತುಳು, ಕನ್ನಡ ಕಲಿತು, 1841ರಲ್ಲಿ ಮುದ್ರಣಾಲಯ ತೆರೆದು, ವರ್ಷಗಟ್ಟಲೆ ನೆಲೆಸಿದವರು. ಆ ಕೆಲಸವನ್ನು ಒಂದು ವಾರದಲ್ಲಿ ಮಾಡಹೊರಡಬೇಡಿ. ನಿಮ್ಮದು ನೆರವಿನ ಕೈ, ಅಷ್ಟೇ.

ದೀಪಾವಳಿ ಬೇಡ. ಅಲ್ಲೂ ಅದೇ ಹೊತ್ತಿಗೆ 5 ದಿನ ತಿಹಾರ್ ಹಬ್ಬ. ಕಚೇರಿಗಳಿಗೆ ರಜೆ, ಜನ ಮನೆಮಂದಿಯೊಡನೆ ಇರುತ್ತಾರೆ. ನವೆಂಬರ್ ಕೊನೆಗೆ ಹೋಗಿ. ಇನ್ನೊಂದು ಮುಖ್ಯ ವಿಷಯ: ನೇಪಾಳದಲ್ಲಿ ಶನಿವಾರ ರಜೆ, ಹೆಚ್ಚಿನ ಸಭೆಗಳ ಆರಾಧನೆಯೂ ಶನಿವಾರವೇ. 8 ದಿನವನ್ನು 10 ಮಾಡಿ, ಶುಕ್ರವಾರ ಇಳಿದು ಮುಂದಿನ ವಾರದ ಭಾನುವಾರ ಹೊರಡಿ. 2 ಆರಾಧನೆ ಸಿಗುತ್ತವೆ. ಮೊದಲನೆಯದರಲ್ಲಿ ಸುಮ್ಮನೆ ಕುಳಿತು ಕೇಳಿ, ಕರೆದರೆ ಎರಡನೆಯದರಲ್ಲಿ ಹಾಡಿ. ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂರುವುದು, ಗಂಡಸರು ಹೆಂಗಸರು ಬೇರೆ ಬೇರೆ ಕೂರುವುದು ಅನೇಕ ಕಡೆ ರೂಢಿ. ಪರಸ್ಪರ ವಂದಿಸುವುದು ‘ಜಯ್ ಮಸೀಹ್’ (ಕ್ರಿಸ್ತನಿಗೆ ಜಯ) ಎಂದು. ಸುಮಾರು 1,400 ಮೀಟರ್ ಎತ್ತರದ ಊರು. ಆ ಕಾಲದಲ್ಲಿ ರಾತ್ರಿ ಚಳಿ 10 ಡಿಗ್ರಿಗಿಂತ ಕೆಳಗೆ, ಮನೆಗಳಲ್ಲಿ ಹೀಟರ್ ಅಪರೂಪ. ಉಣ್ಣೆಯ ಕಾಲುಚೀಲ ತಲಾ 2 ಜೊತೆ ಬೇಕೇ ಬೇಕು. ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜಲೂ ಕುದಿಸಿದ ನೀರೇ ಇರಲಿ; ತಲಾ 4 ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ.

ನಮಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಬೇಕು; ಆಧಾರ್ ನಂಬಿಕೊಂಡು ಬಂದವರು ಚೆಕ್‌ಇನ್‌ನಲ್ಲೇ ಉಳಿಯುತ್ತಾರೆ. ಚೀಟಿಯಲ್ಲಿರುವ ಹೆಸರೇ ಟಿಕೆಟ್‌ನಲ್ಲೂ ಇರಲಿ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದೆಹಲಿ ಮಾರ್ಗವಾಗಿ ಹೋಗುವುದಾದರೆ ಟರ್ಮಿನಲ್ 1ರಲ್ಲಿ ಇಳಿದು ಟರ್ಮಿನಲ್ 3ಕ್ಕೆ ಹೋಗಬೇಕಾದೀತು. ನಡುವೆ 4 ಗಂಟೆಯಾದರೂ ಇರಲಿ. 100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ. ಗಡಿಯಾರ 15 ನಿಮಿಷ ಮುಂದಿಡಿ. ಮರಳುವ ವಿಮಾನದ ಸಮಯ ನೋಡುವಾಗ ಇದನ್ನು ಮರೆತರೆ ಫಜೀತಿ.

ಸದ್ಯಕ್ಕೆ ಮಾಡಬೇಕಾದದ್ದು ಒಂದು ಪತ್ರ. ನಿಮ್ಮ ಸಭಾಪಾಲಕರ ಮೂಲಕ ಅಲ್ಲಿನ ಸಭೆಗೆ ಬರೆಯಿರಿ: ನಾವು 12 ಮಂದಿ, ನಮಗೆ ಬರುವ ಕೆಲಸ ಇಂಥಿಂಥದ್ದು, ಬಂದರೆ ಉಪಯೋಗವೋ ಹೊರೆಯೋ? 5 ಮಂದಿ ಸಾಕು ಎಂದರೆ 5 ಮಂದಿಯೇ ಹೋಗಿ. ಉತ್ತರ ಬರುವವರೆಗೆ ಟಿಕೆಟ್ ಬುಕ್ ಮಾಡಬೇಡಿ.