ಎಂಟಕ್ಕೆ ಹೊಟ್ಟೆನೋವು, ಹತ್ತಕ್ಕೆ ಆರಾಮ

ಶಾಲೆ ಶುರುವಾಗಿ ಎರಡು ತಿಂಗಳಾದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಹೋದ ವರ್ಷವೂ ಉತ್ತರ ಬರೆದಿದ್ದೆ. ಈ ಸಲ ಬಿಡಿಸಿ ಬರೆಯುತ್ತೇನೆ.

ಮಗ ಒಂಬತ್ತನೇ ಕ್ಲಾಸ್. ಏಳರ ತನಕ ಊರಲ್ಲೇ ಕನ್ನಡ ಮೀಡಿಯಂ, ಎಂಟಕ್ಕೆ ಕಲಬುರಗಿಯಲ್ಲಿ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಈಗ ದಿನಾ ಮುಂಜಾನೆ ‘ಅವ್ವಾ, ಹೊಟ್ಟಿ ಕಡೀಲಾಕತ್ತದ’ ಅಂತ ಮಲಗುತ್ತಾನೆ. ಹತ್ತು ಗಂಟೆಗೆ ಎದ್ದು ರೊಟ್ಟಿ ತಿನ್ನುತ್ತಾನೆ. ಸ್ಕ್ಯಾನಿಂಗ್ ನಾರ್ಮಲ್. ನಾಟಕ ಅಂತಾರೆ ಅವರಪ್ಪ. ಟಿಸಿ ತಗೊಂಡು ಮನೆಯಲ್ಲೇ ಓದಿಸಲಾ? (ಆಳಂದದ ತಾಯಿ)

ಟಿಸಿ ತಗೋಬೇಡಿ ತಾಯಿ. ಇದು ನಾಟಕವೂ ಅಲ್ಲ. ಭಯವಾದರೆ ಕರುಳು ಹಿಂಡಿದಂತಾಗಿ ನಿಜವಾಗಿಯೇ ನೋಯುತ್ತದೆ. ಸ್ಕೂಲ್ ಬಸ್ ಹೋಯಿತು ಅಂದರೆ ಭಯ ಇಳಿಯುತ್ತದೆ, ನೋವೂ ಇಳಿಯುತ್ತದೆ. ಭಾನುವಾರ ನೋವಿರಲ್ಲ, ಅಲ್ವಾ? ಇನ್ನೊಂದು ಸ್ಕ್ಯಾನಿಂಗ್‌ಗೆ ಸೊಲ್ಲಾಪುರಕ್ಕೆ ಓಡಬೇಡಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ ಇದ್ದರೆ ಮಾತು ಬೇರೆ.

ಮನೆಯಲ್ಲಿ ಉಳಿದ ಪ್ರತಿ ದಿನ ಅವನಿಗೆ ಹಾಯೆನಿಸುತ್ತದೆ. ಮರುದಿನ ಹೋಗುವುದು ಅದರಿಂದಲೇ ಇನ್ನೂ ಕಷ್ಟ. ಪಾಠ ತಪ್ಪಿರುತ್ತದೆ, ‘ಎಲ್ಲಿ ಹೋಗಿದ್ಯೋ’ ಅಂತ ಹುಡುಗರು ಕೇಳುತ್ತಾರೆ. ಒಂದು ವರ್ಷ ಕೂರಿಸಿದರೆ ಮರಳಿ ಕಳಿಸುವುದು ದೊಡ್ಡ ಕೆಲಸ.

‘ಯಾಕೆ ಹೋಗಲ್ಲ?’ ಅಂದರೆ ‘ಸುಮ್ನೆ’ ಅನ್ನುತ್ತಾನೆ. ಟೈಮ್‌ಟೇಬಲ್ ಮುಂದಿಟ್ಟು ಕೇಳಿ: ಯಾವ ಪೀರಿಯಡ್‌ನಲ್ಲಿ ಕೈ ಬೆವರುತ್ತದೆ? ಬಸ್ಸಲ್ಲಿ ಯಾರ ಪಕ್ಕ ಕೂರ್ತೀ? ನನ್ನ ಹತ್ತಿರ ಬಂದ ಒಬ್ಬ ಹುಡುಗ ಸಮಾಜ ವಿಜ್ಞಾನದ ಮೇಲೆ ಬೆರಳಿಟ್ಟ. ಆ ಕ್ಲಾಸಿನಲ್ಲಿ ಸರದಿ ಪ್ರಕಾರ ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದಿಸುತ್ತಿದ್ದರು. ತನಗೆ ಯಾವ ಪ್ಯಾರಾ ಬರುತ್ತದೆ ಅಂತ ಎಣಿಸುತ್ತಾ ಕೂರುತ್ತಿದ್ದ, ಪಾಠ ಕಿವಿಗೇ ಬೀಳುತ್ತಿರಲಿಲ್ಲ. ಸ್ವಲ್ಪ ದಿನ ಅವನಿಂದ ಓದಿಸಬೇಡಿ ಎಂದು ಟೀಚರ್‌ಗೆ ಹೇಳಿಸಿದೆವು, ಒಪ್ಪಿದರು. ನಿಮ್ಮ ಮಗ ಕನ್ನಡ ಓದುವಾಗಲೂ ತಡವರಿಸಿದರೆ ಕಲಿಕಾ ನ್ಯೂನತೆ ಇದೆಯಾ ನೋಡಿಸಿ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಉಂಟು.

ಮರಳಿ ಕಳಿಸುವುದು ಮೆಲ್ಲಗೆ, ಆದರೆ ದಿನಾ. ಮೊದಲು ಎರಡು ಪೀರಿಯಡ್, ಆಮೇಲೆ ಊಟದ ಬೆಲ್ ತನಕ, ಆಮೇಲೆ ಪೂರ್ತಿ. ಕ್ಲಾಸ್ ಟೀಚರ್ ಜತೆ ಮೊದಲೇ ಮಾತಾಡಿಕೊಳ್ಳಿ. ನೋವು ಬಂದರೆ ಆಫೀಸಿನಲ್ಲಿ ಸ್ವಲ್ಪ ಹೊತ್ತು ಕೂತು ಮತ್ತೆ ಕ್ಲಾಸಿಗೆ. ಫೋನ್ ಬಂದ ಕೂಡಲೇ ಕಾಕಾ ಬೈಕ್ ತಗೊಂಡು ಹೋಗಿ ಕರೆತರುವುದು ಬೇಡ. ಮನೆಯಲ್ಲಿದ್ದ ದಿನ ಶಾಲೆಯ ಹೊತ್ತಿನಲ್ಲಿ ಮೊಬೈಲ್ ಇಲ್ಲ, ಬೈಗುಳವೂ ಇಲ್ಲ. ಹೊಡೆದು ಎಳಕೊಂಡು ಹೋಗಿ ಗೇಟಿನೊಳಗೆ ತಳ್ಳುವ ಅಪ್ಪಂದಿರು ನನ್ನ ಹತ್ತಿರ ಬಂದರೆ ಬೈಸಿಕೊಂಡೇ ಹೋಗುತ್ತಾರೆ.

ಅಲ್ಲಿ ಯಾರಾದರೂ ಹೊಡೆಯುತ್ತಿದ್ದರೆ, ಮೈ ಮುಟ್ಟುತ್ತಿದ್ದರೆ ಈ ಲೆಕ್ಕ ನಡೆಯಲ್ಲ. ಕಳಿಸಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ‘ಸಾಯ್ತೀನಿ’ ಅಂದರೆ ಅದೇ ದಿನ ಮನೋವೈದ್ಯರಿಗೆ ತೋರಿಸಿ. ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿಡ್‌ಬ್ರೇನ್ ಆಕ್ಟಿವೇಶನ್ ಕ್ಲಾಸಿಗೆ ಹಾಕಿದರೆ ಓದಿನಲ್ಲಿ ಆಸಕ್ತಿ ಬರುತ್ತದಂತೆ, ಹೌದಾ? (ಬೀದರ್)

ಕಣ್ಣಿಗೆ ಕಟ್ಟಿದ ಬಟ್ಟೆಯ ಕೆಳಗೆ, ಮೂಗಿನ ಸಂದಿಯಿಂದ ಇಣುಕುವುದನ್ನು ಕಲಿಸಲು ಫೀಸು ಯಾಕೆ?

ದೃಷ್ಟಿಯಾಗಿದೆ ಅಂತ ಮಗನಿಗೆ ತಾಯತ ಕಟ್ಟಿಸಿದ್ದೇವೆ, ಸಾಕಾ? (ಶಹಾಪುರ)

ತಾಯತ ಇರಲಿ. ಅದರ ಜತೆ ಕುಡಿಸಲು ಪುಡಿ ಕೊಟ್ಟಿದ್ದರೆ ಇವತ್ತೇ ಚೆಲ್ಲಿ.

ಮಗಳು ತಿಂಗಳಿಗೆ ಮೂರ್ನಾಲ್ಕು ದಿನ ಶಾಲೆ ತಪ್ಪಿಸುತ್ತಾಳೆ. ಸೋಮಾರಿತನವಾ? (ಗುರುಮಠಕಲ್)

ಅವು ಮುಟ್ಟಿನ ದಿನಗಳಾ ಕೇಳಿ. ಶಾಲೆಯ ಶೌಚಾಲಯದಲ್ಲಿ ನೀರು ಬರುತ್ತದಾ, ಒಳಗಿನಿಂದ ಚಿಲಕ ಬೀಳುತ್ತದಾ, ಹೋಗಿ ನೋಡಿ. ಇಲ್ಲದಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಿ. ಹೊಟ್ಟೆನೋವು ಜಾಸ್ತಿ ಇದ್ದರೆ ಹೆಣ್ಣುಮಕ್ಕಳ ಡಾಕ್ಟರಿಗೆ ತೋರಿಸಿ.