ಫಿಲಿಪ್ಪೀನ್ಸಿನಲ್ಲಿ ಭತ್ತದ ಸಂಶೋಧನೆ ನಡೆದರೆ ನಮ್ಮ ರೈತನಿಗೆ ಏನು ಬಂತು?

ನೀವು ಕೇಳಿದ್ದು ಇದು: ಹತ್ತು ದೇಶದ ವಿಜ್ಞಾನಿಗಳು ಸೇರಿ ಭತ್ತದ ಮೇಲೆ ಕೆಲಸ ಮಾಡುತ್ತಾರಂತೆ, ಎರಡು ಎಕರೆ ಗದ್ದೆಯವನಿಗೆ ಅದರಿಂದ ಏನಾದರೂ ಸಿಗುತ್ತಾ, ಇಲ್ಲ ಸುಮ್ನೆ ಸಭೆ, ಫೋಟೋ ಅಷ್ಟೇನಾ?

ಸಿಗುತ್ತದೆ. ಆದರೆ ಸೀದಾ ಬಂದು ಕೈಗೆ ಬೀಳುವುದಿಲ್ಲ. ನನ್ನದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕು. ಮೂರು ಎಕರೆ ಗದ್ದೆ, ಎರಡು ಎಮ್ಮೆ. ನಾನು ಕಂಡಷ್ಟು ಹೇಳುತ್ತೇನೆ.

ಮೊದಲು ನಿಮ್ಮ ಮನೆಯ ಅಕ್ಕಿ ಡಬ್ಬಿ ತೆಗೆದು ನೋಡಿ. ಸೋನಾ ಮಸೂರಿ ಇರಬೇಕು, ಅಲ್ವಾ? ಆ ಮಸೂರಿ ಮೈಸೂರಿನದು ಅಂತ ತಿಳಿದವರೂ ಇದ್ದಾರೆ. ಅಲ್ಲ, ಅದು ಮಲೇಷ್ಯಾದ ಹೆಸರು. 1950ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಒಂದು ಕೆಲಸ ಶುರು ಮಾಡಿತು. ನಮ್ಮ ಕಡೆಯ ಇಂಡಿಕಾ ಭತ್ತವನ್ನು, ಗೊಬ್ಬರ ಹಾಕಿದರೂ ನೆಲಕ್ಕೆ ಮಲಗದ ಜಪೋನಿಕಾ ಭತ್ತದ ಜೊತೆ ಸಂಕರ ಮಾಡುವುದು. ಅದು ನಡೆದದ್ದು ಒಡಿಶಾದ ಕಟಕ್‌ನಲ್ಲಿ. ಮಲಯಾದ, ಅಂದರೆ ಈಗಿನ ಮಲೇಷ್ಯಾದ, ಮಾಯಾಂಗ್ ಎಬೋಸ್ ಮತ್ತು ತೈವಾನಿನ ತೈಚುಂಗ್ 65 ಅನ್ನುವ ಎರಡು ತಳಿ ಸೇರಿ ಹುಟ್ಟಿದ ಬೀಜ ಮಲಯಾಕ್ಕೆ ಹೋಯಿತು. ಅಲ್ಲಿ ಜಪಾನಿನ ತಜ್ಞರೂ ಕೈಜೋಡಿಸಿ ಒಳ್ಳೆಯದನ್ನು ಆರಿಸಿದರು. 1965ರಲ್ಲಿ ಅದು ಮಹ್ಸೂರಿ ಆಗಿ ಹೊರಬಂತು. ಲಂಕಾವಿ ದ್ವೀಪದ ಜನಪದ ಕಥೆಯಲ್ಲಿ ಬರುವ ಹೆಣ್ಣುಮಗಳ ಹೆಸರದು. ಅದೇ ಭತ್ತ ಆಂಧ್ರದ ಬಾಪಟ್ಲಕ್ಕೆ ಬಂದು, ಬೇರೆ ತಳಿಗಳ ಜೊತೆ ಸೇರಿ, ಸೋನಾ ಮಸೂರಿಯ ಹಾಗೇ ಸಾಂಬಾ ಮಸೂರಿಯೂ ಆಯಿತು. ಸಾಂಬಾ ಮಸೂರಿಗೆ ರೈತರ ಬಾಯಲ್ಲಿ ಬಿಪಿಟಿ ಅಂತ ಹೆಸರು.

ನಮ್ಮ ಊರಿನ ಮಾತು ಹೇಳಬೇಕೆಂದರೆ ಇಂಟಾನ್. ಅಪ್ಪನ ಕಾಲದಿಂದ ಬೆಳೆಯುತ್ತಿದ್ದೇವೆ. ಅದು ಇಂಡೋನೇಷ್ಯಾದ ತಳಿ, ಅಲ್ಲಿನ ಭಾಷೆಯಲ್ಲಿ ಇಂಟಾನ್ ಅಂದರೆ ವಜ್ರ. ಅಪ್ಪ ಕೊನೆವರೆಗೂ ಅದನ್ನು ನಮ್ಮದೇ ಜವಾರಿ ಭತ್ತ ಅಂತಲೇ ನಂಬಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಈಗ ನನ್ನ ಒಂದು ಪೆಟ್ಟಿನ ಕಥೆ. ಒಂದು ವರ್ಷ ಬಿಪಿಟಿಗೆ ರೇಟು ಜಾಸ್ತಿ ಅಂತ ಗಂಗಾವತಿ ಕಡೆಯ ನೆಂಟರಿಂದ ಬೀಜ ತಂದು ನಾಟಿ ಮಾಡಿದೆ. ಕಾಲುವೆ ನೀರು, ಒಳ್ಳೆ ಬಿಸಿಲು ಇರುವ ಕಡೆ ಅದು ಚಿನ್ನದ ಬೆಳೆ. ನಮ್ಮಲ್ಲಿ ಹಾಗಲ್ಲ. ಜಿಟಿಜಿಟಿ ಮಳೆ, ಮೋಡ, ಬೆಳಗಿನ ಇಬ್ಬನಿ. ಮೊದಲು ಎಲೆಯ ಮೇಲೆ ಕಣ್ಣಿನ ಆಕಾರದ ಚುಕ್ಕೆ, ನಡುವೆ ಬೂದಿ ಬಣ್ಣ, ಅಂಚು ಕಂದು. ತೆನೆ ಹೊರಟ ಮೇಲೆ ಅದರ ಕುತ್ತಿಗೆ ಕಪ್ಪಾಗಿ ಮುರಿದು ಬಗ್ಗಿತು. ಕೈಯಲ್ಲಿ ಹಿಡಿದು ಉಜ್ಜಿದರೆ ಬರೀ ಜೊಳ್ಳು. ಬೆಂಕಿರೋಗ. ಪಕ್ಕದ ಗದ್ದೆಯ ಕಾಕಾ ಬದುವಿನ ಮೇಲೆ ನಿಂತು, “ರೇಟ್ ನೋಡಿ ಬಿತ್ತಿದಿ, ಮುಗಿಲ ನೋಡಿ ಬಿತ್ತಲಿಲ್ಲ” ಅಂದರು. ಅವರ ಗದ್ದೆಯಲ್ಲಿ ಇಂಟಾನ್ ತಣ್ಣಗೆ ನಿಂತಿತ್ತು.

ದೇಶ ದೇಶ ಕೂಡಿ ಮಾಡುವ ಕೆಲಸದ ಬೆಲೆ ನನಗೆ ತಿಳಿದದ್ದು ಅಲ್ಲಿಂದ ಮುಂದೆ. ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿ 1960ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1975ರಿಂದ ಒಂದು ಜಾಲ ನಡೆಸುತ್ತಿದೆ. ಒಂದೇ ಗುಂಪಿನ ಬೀಜಗಳನ್ನು ಹಲವು ದೇಶಗಳಿಗೆ ಕಳಿಸುತ್ತಾರೆ. ಪ್ರತಿ ದೇಶ ತನ್ನ ಮಣ್ಣು, ತನ್ನ ಮಳೆಯಲ್ಲಿ ಬಿತ್ತಿ ನೋಡುತ್ತದೆ. ಬೆಂಕಿರೋಗ ಬರಲಿ ಅಂತಲೇ ಬಿತ್ತುವ ಸಾಲುಗಳೂ ಇವೆ. ಸುತ್ತ ರೋಗಕ್ಕೆ ಬೇಗ ಬೀಳುವ ತಳಿ ಹಾಕಿ, ನಡುವೆ ಪರೀಕ್ಷೆಯ ತಳಿ. ಎಲ್ಲೆಲ್ಲಿ ಯಾವುದು ತಡೆಯಿತು ಅನ್ನುವ ಲೆಕ್ಕ ಎಲ್ಲರಿಗೂ ಸಿಗುತ್ತದೆ. ನಾನು ಒಂದು ಹಂಗಾಮು ಕಳೆದುಕೊಂಡು ಕಲಿತದ್ದನ್ನು ಅವರು ಒಂದು ಸಾಲಿನಲ್ಲಿ ಕಲಿಯುತ್ತಾರೆ.

ಅದೇ ಸಂಸ್ಥೆಯ ಐಆರ್36 ಅನ್ನುವ ತಳಿಯ ಕಥೆ ಕೇಳಿ. 1970ರ ಸುಮಾರಿಗೆ ಪೈರನ್ನು ಹುಲ್ಲಿನಂತೆ ಕುಳ್ಳಗಾಗಿಸುವ ಒಂದು ವೈರಸ್ ರೋಗ ಬಂತು. ಆರು ಸಾವಿರಕ್ಕೂ ಹೆಚ್ಚು ಭತ್ತದ ಮಾದರಿ ಪರೀಕ್ಷೆ ಮಾಡಿದರೆ, ತಡೆದದ್ದು ಒಂದೇ ಒಂದು. ಅದೂ ಉತ್ತರ ಪ್ರದೇಶದಿಂದ ಹೋದ ಕಾಡು ಭತ್ತ, ಒರೈಜಾ ನಿವಾರಾ. ಯಾರಾದರೂ ರೈತ ಕಂಡಿದ್ದರೆ ಕಳೆ ಅಂತ ಕಿತ್ತು ಬಿಸಾಕುತ್ತಿದ್ದ. ಅದರ ಗುಣ ಸೇರಿಸಿ ಪಂಜಾಬ್ ಮೂಲದ ಗುರುದೇವ್ ಖುಷ್ ಅವರ ತಂಡ 1976ರಲ್ಲಿ ಐಆರ್36 ಕೊಟ್ಟಿತು. ಒಡಿಶಾದ ಹಳೆಯ ಭತ್ತವೊಂದರ ಗುಣ ಸೇರಿದ ಸ್ವರ್ಣಾ ಸಬ್1 ಕೂಡ ಹಾಗೆಯೇ. ನಮ್ಮ ಬೀಜ ಅಲ್ಲಿಗೆ ಹೋಗಿ, ಸುಮಾರು ಎರಡು ವಾರ ನೀರಲ್ಲಿ ಮುಳುಗಿದರೂ ಸಾಯದ ತಳಿಯಾಗಿ 2009ರಲ್ಲಿ ವಾಪಸ್ ಬಂತು. ಬೆಳಗಾವಿ ಪಕ್ಕದ ಬಳ್ಳಾರಿ ನಾಲಾ ಉಕ್ಕಿದಾಗ ಗದ್ದೆ ಮುಳುಗುವುದನ್ನು ನೋಡಿದವರಿಗೆ ಎರಡು ವಾರ ಅಂದರೆ ಏನು ಅಂತ ಗೊತ್ತು.

ನನ್ನ ತಕರಾರೂ ಇದೆ. ಅದೇ ಸಂಸ್ಥೆ 1966ರಲ್ಲಿ ಕೊಟ್ಟ ಗಿಡ್ಡ ತಳಿ ಐಆರ್8ರ ಕಾಲದಿಂದ ಹೆಚ್ಚಿನ ಕೆಲಸ ನೀರಾವರಿಯ ನಾಟಿ ಗದ್ದೆಗೇ ಆಯಿತು. ನಾವು ಖಾನಾಪುರ, ಧಾರವಾಡ ಕಡೆಯವರು ಸುಮಾರು ಜನ ಮಳೆಗೆ ಮೊದಲೇ ಒಣ ಮಣ್ಣಿಗೆ ಕೂರಿಗೆಯಲ್ಲಿ ಭತ್ತ ಬಿತ್ತುತ್ತೇವೆ, ಕಳೆ ತೆಗೆಯಲು ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತೇವೆ. ಈ ಪದ್ಧತಿಗೆ ತಕ್ಕ ತಳಿ ನೋಡಿದ್ದು ಧಾರವಾಡದ ಹತ್ತಿರದ ಮುಗದ ಸಂಶೋಧನಾ ಕೇಂದ್ರ. ಅಂಥ ಕೇಂದ್ರ ನಡುವೆ ಇಲ್ಲದಿದ್ದರೆ ಫಿಲಿಪ್ಪೀನ್ಸಿನ ಬೀಜ ನಮಗೆ ಗಂಗಾವತಿಯ ಬೀಜದ ಹಾಗೇ ಕೈಕೊಡುತ್ತದೆ. ಹಾಗಾಗಿ ಹೊಸ ತಳಿ ಬಂತು ಅಂತ ಯಾರಾದರೂ ಹೇಳಿದರೆ, ಯಾವ ದೇಶದ್ದು ಅಂತ ಕೇಳಬೇಡಿ. ನಮ್ಮ ಸುತ್ತ ಎಲ್ಲಿ ಬಿತ್ತಿ ನೋಡಿದ್ದಾರೆ, ಎಷ್ಟು ವರ್ಷ ನೋಡಿದ್ದಾರೆ ಅಂತ ಕೇಳಿ. ಮೊದಲ ವರ್ಷ ಹತ್ತು ಗುಂಟೆಗಿಂತ ಜಾಸ್ತಿ ಹಾಕಬೇಡಿ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ: ಹುಲ್ಲು. ಗಿಡ್ಡ ತಳಿ ಬಂದಾಗ ಕಾಳು ಹೆಚ್ಚಾಯಿತು, ಹುಲ್ಲಿನ ಬಣವಿ ಸಣ್ಣದಾಯಿತು. “ಕಾಳು ನೀ ತಿಂತಿ, ದನಾ ಏನ ತಿನ್ನಬೇಕು?” ಅನ್ನುತ್ತಿದ್ದರು ಅಪ್ಪ. ಮೊದಲು ಸ್ವಲ್ಪದರಲ್ಲೇ ಬಿತ್ತಿ ನೋಡಿದ ಹೊಸ ತಳಿಯನ್ನು ಈ ಸಲ ಎರಡೂವರೆ ಎಕರೆಗೆ ಹಾಕಿದ್ದೇನೆ. ಉಳಿದ ಅರ್ಧ ಎಕರೆ ಇಂಟಾನ್, ಎಮ್ಮೆಗಳ ಪಾಲಿಗೆ.