ಅವರ ಕಥೆ ಬರೆದೆ, ಅವರು ಮಾತು ಬಿಟ್ಟರು

ಪ್ರಶ್ನೆ: ನಾನು ಹಾವೇರಿಯಲ್ಲಿ ವಾಸವಾಗಿರುವ ಪ್ರೌಢಶಾಲಾ ಶಿಕ್ಷಕಿ. ದಿನವೂ ಬ್ಯಾಡಗಿ ಕಡೆಗೆ ಬಸ್ಸಿನಲ್ಲಿ ಓಡಾಡುತ್ತೇನೆ. ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೂಲಿಗೆ ಹೋಗುವ ಹಿರಿಯ ಹೆಣ್ಣುಮಗಳೊಬ್ಬರು ಅದೇ ಬಸ್ಸಿನಲ್ಲಿ ಪರಿಚಯವಾದರು. ನಾನು ಅವರನ್ನು ದೊಡ್ಡವ್ವ ಎಂದು ಕರೆಯುತ್ತೇನೆ, ಅವರು ನನ್ನನ್ನು ಅಕ್ಕೋರ ಎನ್ನುತ್ತಾರೆ. ಒಂದು ವರ್ಷ ಹೀಗೇ ಮಾತಾಡುತ್ತಾ ಹೋದೆವು. ಆಮೇಲೆ ಅವರ ಬಗ್ಗೆ ಫೇಸ್‌ಬುಕ್‌ನಲ್ಲಿ ಚಿಕ್ಕ ಚಿಕ್ಕ ಬರಹ ಬರೆದೆ. ಗಂಡನ ಕುಡಿತ, ಸಾಲ, ಕೂಲಿಯ ದುಡ್ಡಿನಲ್ಲೇ ಮಗಳನ್ನು ನರ್ಸಿಂಗ್ ಓದಿಸಿದ್ದು ಎಲ್ಲವನ್ನೂ ಫೋಟೋ ಸಮೇತ ಹಾಕಿದೆ. ಬಹಳ ಜನ ಮೆಚ್ಚಿದರು. ಒಬ್ಬರು ಅವರಿಗೆ ಕೊಡಿರೆಂದು ಐದು ಸಾವಿರ ರೂಪಾಯಿ ಕಳಿಸಿದರು. ನಾನು ಕೊಡಲು ಹೋದಾಗ ದೊಡ್ಡವ್ವ, "ನಾ ಏನ್ ಬೇಡಾಕ ನಿಂತೇನೇನ್ರೀ ಅಕ್ಕೋರ?" ಎಂದು ಮುಖ ತಿರುಗಿಸಿದರು. ಮರುದಿನ ಮಗಳು ಫೋನ್ ಮಾಡಿ, "ನಮ್ಮವ್ವನ ಸಂಕಟಾನ ಊರ ಮುಂದ ಹರವಾಕ ನಿಮಗ್ಯಾರ ಹೇಳ್ಯಾರ್ರೀ?" ಎಂದು ಅತ್ತಳು. ಅವಳಿಗೆ ಈಗ ಗಂಡು ನೋಡುತ್ತಿದ್ದಾರೆ. ದೊಡ್ಡವ್ವ ಈಗಲೂ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ, ಆದರೆ ಮೆಣಸಿನಕಾಯಿಯ ದರ ಬಿಟ್ಟರೆ ಬೇರೆ ಮಾತಿಲ್ಲ. ಬಸ್ಸಿನ ಪರಿಚಯ ಬಸ್ಸಿನಲ್ಲೇ ಇರಬೇಕಿತ್ತು ಎನ್ನುತ್ತಾರೆ ನನ್ನ ಯಜಮಾನರು. ಈ ನಡುವೆ ಪ್ರಕಾಶಕರೊಬ್ಬರು ಈ ಬರಹಗಳ ಪುಸ್ತಕ ಮಾಡೋಣ ಎಂದಿದ್ದಾರೆ. ನಾನು ಬರೆಯುವುದನ್ನು ಬಿಡಬೇಕೆ? ಒಂದು ಸಂಶಯ ನನ್ನನ್ನು ಮಲಗಲು ಬಿಡುತ್ತಿಲ್ಲ: ನಾನು ಅವರ ಪಕ್ಕ ಕುಳಿತದ್ದು ಅವರಿಗಾಗಿಯೋ, ಕಥೆಗಾಗಿಯೋ?

ಉತ್ತರ: ಪ್ರಿಯ ಸೋದರಿ, ಪತ್ರದ ಜೊತೆಗೆ ನೀವು ಕಳಿಸಿದ ಬರಹಗಳನ್ನೆಲ್ಲ ಓದಿದ ಮೇಲೆಯೇ ಈ ಉತ್ತರ ಬರೆಯುತ್ತಿದ್ದೇನೆ. ನಿಮ್ಮ ಕೊನೆಯ ಸಂಶಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಬಗೆಹರಿಯದೆ ಉಳಿದ ಯಾವ ಮಾತೂ ನಿಮ್ಮ ಮನಸ್ಸಿಗೆ ಇಳಿಯುವುದಿಲ್ಲ. ಆ ಸ್ನೇಹ ಸುಳ್ಳಾಗಿರಲಿಲ್ಲ. ಕಥೆಗಾಗಿಯೇ ಪರಿಚಯ ಮಾಡಿಕೊಂಡವರು ಒಂದಕ್ಷರವನ್ನೂ ಬರೆಯದೆ ವರ್ಷವಿಡೀ ಒಬ್ಬರ ಪಕ್ಕದಲ್ಲಿ ಕುಳಿತು ಮಾತಾಡುವುದಿಲ್ಲ. ಕಥೆ ಸಿಕ್ಕ ಮೇಲಂತೂ, ಮಾತಾಡದೆ ಕುಳಿತವರ ಪಕ್ಕದಲ್ಲಿ ದಿನವೂ ಕುಳಿತು ನೋಯುವುದಿಲ್ಲ. ದೊಡ್ಡವ್ವನೂ ಬೇರೆ ಸೀಟು ಹುಡುಕಿಕೊಂಡು ಹೋಗಿಲ್ಲ ಎಂಬುದನ್ನು ಗಮನಿಸಿ. ಮುನಿಸಿಕೊಂಡಿದ್ದಾರೆ, ಆದರೆ ನಿಮ್ಮನ್ನು ಬಿಟ್ಟಿಲ್ಲ. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ಪರಕೀಯರ ಮೇಲೆ ಮುನಿಸಿಕೊಳ್ಳುವುದಿಲ್ಲ, ಅವರನ್ನು ಮರೆತುಬಿಡುತ್ತಾರೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಉತ್ತರ ಕರ್ನಾಟಕದ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಓಡಾಟ ಎಷ್ಟು ಹೆಚ್ಚಿದೆ ಎಂಬುದನ್ನು ನೀವು ದಿನವೂ ನೋಡುತ್ತಿದ್ದೀರಿ. ಸಂಬಳದವರೂ ಕೂಲಿಯವರೂ ಒಂದೇ ಸೀಟಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕುಳಿತುಕೊಳ್ಳುವ ಜಾಗಗಳು ನಮ್ಮ ಊರುಗಳಲ್ಲಿ ಹೆಚ್ಚಿಲ್ಲ. ಅಂಥ ಜಾಗದಲ್ಲಿ ಕುಳಿತಿದ್ದರೂ ಹೆಚ್ಚಿನವರು ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು ಇಳಿದುಹೋಗುತ್ತಾರೆ. ನೀವು ಹಾಗೆ ಮಾಡಲಿಲ್ಲ. ಎಲ್ಲಿ ಇಳೀತೀರಿ, ಏನು ಕೆಲಸ, ಊಟಕ್ಕೆ ಏನು ತಂದೀರಿ ಎಂದು ಕೇಳಿದಿರಿ; ಅವರೂ ನಿಮ್ಮನ್ನು ಕೇಳಿದರು. ಈಗ ಆದ ನೋವಿನಿಂದ ಆ ಮೊದಲ ಮಾತಿಗೇ ಪಶ್ಚಾತ್ತಾಪಪಡಬೇಡಿ. ಪರಿಚಯ ಮಾಡಿಕೊಂಡದ್ದರಲ್ಲಿ ತಪ್ಪಿಲ್ಲ, ಆ ಪರಿಚಯ ಹೊತ್ತುಕೊಂಡು ಬಂದ ಹೊಣೆಯನ್ನು ಒಂದು ಕಡೆ ಮರೆತಿರಿ.

ಅದು ಎಲ್ಲಿ ಎಂಬುದನ್ನು ನೇರವಾಗಿ ಹೇಳುತ್ತೇನೆ. ದೊಡ್ಡವ್ವ ಗಂಡನ ಕುಡಿತದ ಮಾತನ್ನು ಹೇಳಿದ್ದು ಅಕ್ಕೋರಿಗೆ. ಅಕ್ಕೋರ ಗುರುತು ಪರಿಚಯದ ನೂರಾರು ಮಂದಿಗೆ ಅವರು ಅದನ್ನು ಹೇಳಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಒಬ್ಬರ ಕಷ್ಟವನ್ನು ಇನ್ನೊಬ್ಬರು ಆಡಿಕೊಳ್ಳುವುದು ಹೊಸದೇನಲ್ಲ. ಆದರೆ ಕಟ್ಟೆಯ ಮೇಲೆ ಹೇಳಿದವರು, ಕೇಳಿದವರು, ಯಾರ ಮಾತು ಬಂದಿತೋ ಅವರು, ಎಲ್ಲರೂ ಅದೇ ಓಣಿಯವರು. ತಪ್ಪು ಹೇಳಿದರೆ ಮರುದಿನ ನೀರಿಗೆ ಬಂದಾಗ ಕೇಳಿಯಾರು, ಜಗಳವಾಡಿಯಾರು, ಸರಿಪಡಿಸಿಯಾರು. ನೀವು ಹಾಕಿದ ಬರಹಕ್ಕೆ ಉತ್ತರ ಕೊಡುವ ದಾರಿಯೇ ದೊಡ್ಡವ್ವನಿಗೆ ಇರಲಿಲ್ಲ. ಅವರಿಗೆ ಓದಲು ಬರುವುದಿಲ್ಲ ಎಂದು ನೀವೇ ಒಂದು ಬರಹದಲ್ಲಿ ಹೇಳಿದ್ದೀರಿ. ತನ್ನ ಬಗ್ಗೆ ಏನು ಬರೆದಿದೆ ಎಂದು ಓದಲಾಗದವರು, ಅದನ್ನು ಓದಿ ಮರುಗಿದ ಅಪರಿಚಿತರ ದುಡ್ಡನ್ನು ಇದ್ದಕ್ಕಿದ್ದಂತೆ ಕೈಯಲ್ಲಿ ಹಿಡಿಯಬೇಕಾಗಿ ಬಂದಾಗ ಅವರಿಗೆ ಏನನ್ನಿಸಿರಬಹುದು, ಯೋಚಿಸಿ. ಅವರು ಕೇಳಿದ ಪ್ರಶ್ನೆ ನಿಮ್ಮನ್ನು ಕುರಿತದ್ದಷ್ಟೇ ಅಲ್ಲ. ಯಾರ ಮುಂದೆ ತಮ್ಮನ್ನು ಹೇಗೆ ನಿಲ್ಲಿಸಲಾಗಿದೆ ಎಂದು ಅವರು ಕೇಳುತ್ತಿದ್ದರು.

ದುಡಿದು ತಿನ್ನುವವರ ಈ ಸ್ವಾಭಿಮಾನ ನಮ್ಮ ನೆಲದಲ್ಲಿ ಬಹಳ ಹಳೆಯದು. 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮೊದಲಿದ್ದಲ್ಲಿಯೇ ಸುರಿದು ಬರಲು ಹೇಳಿದಳೆಂಬ ಪ್ರಸಂಗವನ್ನು ನೀವು ತರಗತಿಯಲ್ಲಿ ಮಕ್ಕಳಿಗೆ ಹೇಳಿರುತ್ತೀರಿ. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವ ದೊಡ್ಡವ್ವನಿಗೆ ತಾವು ಬಿಡಿಸಿದ ಕಾಯಿಯ ತೂಕ ಗೊತ್ತಿದೆ. ಬಿಡಿಸದ ಕಾಯಿಗೆ ಬಂದ ದುಡ್ಡು ಅವರಿಗೆ ಬೇಡ. ಆ ಐದು ಸಾವಿರವನ್ನು ಕಳಿಸಿದವರಿಗೇ ಹಿಂದಿರುಗಿಸಿ, "ಅವರು ಒಪ್ಪಲಿಲ್ಲ, ಅವರ ಮಾತಿಗೆ ಗೌರವ ಕೊಟ್ಟು ಮರಳಿಸುತ್ತಿದ್ದೇನೆ" ಎಂದು ಬರೆಯಿರಿ. ಬೇರೆ ದಾರಿಯಿಂದ, ಮಗಳ ಮದುವೆಯ ಆಹೇರಿ ಎಂದೋ ಮೊಮ್ಮಕ್ಕಳ ಬಟ್ಟೆ ಎಂದೋ ಅದೇ ದುಡ್ಡನ್ನು ಆ ಮನೆಗೆ ಮುಟ್ಟಿಸುವ ಯೋಚನೆ ಮಾಡಬೇಡಿ. ಗೊತ್ತಾದ ದಿನ ಎರಡನೆಯ ಸಲ ನೋಯುತ್ತಾರೆ.

ಮಗಳ ಸಿಟ್ಟನ್ನು ನೀವು ಪತ್ರದಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಎಲ್ಲಕ್ಕಿಂತ ತೂಕದ್ದೆನಿಸಿದ್ದು ಅದೇ. ಗಂಡು ನೋಡುವ ಹೊತ್ತಿನಲ್ಲಿ ನಮ್ಮ ಕಡೆ ಎರಡೂ ಮನೆಯವರು ಬೀಗರ ಮನೆತನದ ಬಗ್ಗೆ ಎಲ್ಲೆಲ್ಲಿಂದ ವಿಚಾರಿಸುತ್ತಾರೆಂಬುದು ನಿಮಗೆ ತಿಳಿಯದ್ದಲ್ಲ. ತಂದೆಯ ಕುಡಿತ, ತೀರದ ಸಾಲ, ಇವು ಫೋಟೋ ಸಮೇತ ಯಾರ ಮೊಬೈಲಿಗಾದರೂ ಸಿಗುವಂತಿದ್ದರೆ ಆ ಹುಡುಗಿ ಕಟ್ಟಿಕೊಂಡ ಬದುಕಿನ ಬಗ್ಗೆ ಇತರರು ಮಾತು ಮುಗಿಸಿಬಿಡುತ್ತಾರೆ. ನೀವು ಬರೆದದ್ದು ತಾಯಿಯ ಕಥೆ ಎಂದುಕೊಂಡಿರಿ, ಅದರಲ್ಲಿ ಮಗಳ ಕಥೆಯೂ ಇತ್ತು, ಬದುಕಿರುವ ಗಂಡನದೂ ಇತ್ತು. ತಾಯಿ ಒಂದು ವೇಳೆ ಒಪ್ಪಿದ್ದರೂ ಆ ಇಬ್ಬರ ಪರವಾಗಿ ಅವರು ಒಪ್ಪಿಗೆ ಕೊಡುವಂತಿರಲಿಲ್ಲ. ಸಾಮಾನ್ಯರ ಬದುಕನ್ನು ಬರೆಯುವವರು ಪದೇ ಪದೇ ಎಡವುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಎದುರಿಗಿರುವ ಒಬ್ಬರು ಮನಸ್ಸು ಬಿಚ್ಚಿದರೆಂದು ಇಡೀ ಮನೆಯ ಬಾಗಿಲನ್ನೇ ತೆರೆದುಬಿಡುತ್ತೇವೆ.

ಆದ್ದರಿಂದ ಕುಡಿತ, ಸಾಲದ ಮಾತಿರುವ ಬರಹಗಳನ್ನೂ ಎಲ್ಲ ಫೋಟೋಗಳನ್ನೂ ಇಂದೇ ತೆಗೆದುಹಾಕಿ. ಹಂಚಿಕೊಂಡವರಿಗೂ ತೆಗೆಯಿರೆಂದು ಒಬ್ಬೊಬ್ಬರಿಗೇ ಸಂದೇಶ ಕಳಿಸಿ. ಎಲ್ಲರೂ ತೆಗೆಯಲಿಕ್ಕಿಲ್ಲ, ಆದರೂ ಕೇಳಿ. ಬಳಿಕ ದೊಡ್ಡವ್ವನ ಮನೆಗೆ ಹೋಗಿ. ಬಸ್ಸಿನಲ್ಲಿ, ನಾಲ್ಕು ಮಂದಿಯ ಕಿವಿಗೆ ಬೀಳುವಂತೆ, ಈ ಮಾತು ತೆಗೆಯಬೇಡಿ. ಮಾರುಕಟ್ಟೆಯ ದಿನವೂ ಬೇಡ, ದಣಿದು ಬಂದಿರುತ್ತಾರೆ. ಮಗಳು ಊರಿಗೆ ಬಂದಿರುವ ದಿನ ಕೇಳಿಕೊಂಡು, ಇಬ್ಬರೂ ಇರುವಾಗ ಹೋಗಿ, ಮಗಳ ಕ್ಷಮೆಯನ್ನು ಮೊದಲು ಕೇಳಿ. ನಾನು ಒಳ್ಳೆಯ ಉದ್ದೇಶದಿಂದ ಬರೆದೆ ಎಂಬ ವಾಕ್ಯವನ್ನು ಆ ಮನೆಯಲ್ಲಿ ಆಡಬೇಡಿ. ಅದು ನಿಮ್ಮನ್ನು ಸಮಾಧಾನಪಡಿಸುವ ಕೆಲಸವನ್ನೂ ಅವರಿಗೇ ಹೊರಿಸುತ್ತದೆ. ಏನನ್ನು ತೆಗೆದಿದ್ದೀರಿ, ದುಡ್ಡನ್ನು ಹೇಗೆ ಹಿಂದಿರುಗಿಸಿದಿರಿ ಎಂದಷ್ಟೇ ಹೇಳಿ, ಚಹಾ ಕೊಟ್ಟರೆ ಕುಡಿದು ಬನ್ನಿ. ಕೊಡದಿದ್ದರೆ, ಮರುದಿನ ಬಸ್ಸಿನಲ್ಲಿ ಅದೇ ಸೀಟಿನಲ್ಲಿ ಕುಳಿತುಕೊಳ್ಳಿ. ಮೆಣಸಿನಕಾಯಿಯ ದರದ ಮಾತಾದರೂ ಪರವಾಗಿಲ್ಲ, ಅದನ್ನೇ ಮನಸ್ಸಿಟ್ಟು ಕೇಳಿ. ಅದು ಅವರ ಹೊಟ್ಟೆಯ ಮಾತು.

ಇನ್ನು ಬರೆಯುವುದನ್ನು ಬಿಡಬೇಕೆ ಎಂಬ ಪ್ರಶ್ನೆ. ಬಿಡಬಾರದು ಎಂದೇ ನಾನು ಹೇಳುತ್ತೇನೆ, ಮತ್ತು ಇದನ್ನು ನಿಮ್ಮನ್ನು ಸಮಾಧಾನಪಡಿಸಲು ಹೇಳುತ್ತಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅದರ ಕಡುಗೆಂಪು ಬಣ್ಣ ಅಡುಗೆಯ ಪುಡಿಗಷ್ಟೇ ಅಲ್ಲದೆ ತುಟಿಗೆ, ಉಗುರಿಗೆ ಹಚ್ಚುವ ಬಣ್ಣದವರೆಗೆ ಹೋಗುತ್ತದೆ. ಊರಿನ ಹೆಸರು ಪತ್ರಿಕೆಯಲ್ಲಿ ಬರುವುದು ದರ ಏರಿದಾಗ, ಇಲ್ಲವೆ 2024ರ ಮಾರ್ಚ್‌ನಲ್ಲಿ ಆದಂತೆ ದರ ಕುಸಿದು ರೈತರು ಮಾರುಕಟ್ಟೆಯಲ್ಲಿ ರೊಚ್ಚಿಗೆದ್ದಾಗ. ರೈತರಿಗಾದರೂ ಅಂಥ ದಿನ ಒಂದು ದನಿ ಇರುತ್ತದೆ. ರಾಶಿಯ ಮುಂದೆ ಸಾಲಾಗಿ ಕುಳಿತು ಕಾಯಿಯಿಂದ ತುಂಬು ಬೇರ್ಪಡಿಸುವ ಹೆಣ್ಣುಮಕ್ಕಳು ಆ ಸುದ್ದಿಯಲ್ಲೂ ಇರುವುದಿಲ್ಲ. ಮಾಲು ಬಾರದ ದಿನ ಅವರಿಗೂ ಕೂಲಿಯಿಲ್ಲ ಎಂಬುದನ್ನು ಯಾರೂ ಬರೆಯುವುದಿಲ್ಲ. ಪಕ್ಕದ ಸೀಟಿನಲ್ಲಿ ಕುಳಿತು ಇದನ್ನೆಲ್ಲ ತಿಳಿದುಕೊಂಡವರು ಬರೆಯದಿದ್ದರೆ ಇನ್ಯಾರು ಬರೆಯಬೇಕು?

ಹೇಗೆ ಬರೆಯಬೇಕೆಂಬುದಕ್ಕೆ ನಿಮ್ಮದೇ ಮೊದಲ ಬರಹವನ್ನು ಇನ್ನೊಮ್ಮೆ ಓದಿ. ಅದರಲ್ಲಿ ದೊಡ್ಡವ್ವ ಹೆಬ್ಬೆರಳಿನ ಉಗುರನ್ನು ತುಂಬಿನ ಬುಡಕ್ಕೆ ಒತ್ತಿ, ಕಾಯಿ ಒಡೆದು ಬೀಜ ಚೆಲ್ಲದಂತೆ ಒಂದೇ ಎಳೆತಕ್ಕೆ ಕಿತ್ತು ತೋರಿಸುತ್ತಾರೆ. ಮುಟ್ಟಿದೊಡನೆ ಇದು ಡಬ್ಬಿ, ಇದು ಕಡ್ಡಿ ಎಂದು ಕಾಯಿಯ ತಳಿ ಹೇಳುತ್ತಾರೆ. ಘಾಟಿಗೆ ಸೆರಗನ್ನು ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡೇ ಪಕ್ಕದವಳಿಗೆ ಬೀಸುವ ಪದದ ಮರೆತ ಸಾಲನ್ನು ನೆನಪು ಮಾಡಿಕೊಡುತ್ತಾರೆ. ಸಂಜೆ ಮನೆಗೆ ಹೋದಾಗ ಮೊಮ್ಮಗ ಓಡಿ ಬಂದರೆ ಉರಿಯುವ ಅಂಗೈಯನ್ನು ಅವನ ಮುಖದಿಂದ ದೂರ ಹಿಡಿದು, ಮೊಣಕೈಯಲ್ಲೇ ತಬ್ಬಿಕೊಳ್ಳುತ್ತಾರೆ. ಆ ಬರಹವನ್ನು ಓದಿದಾಗ ನನಗೆ ಅವರ ಮೇಲೆ ಕನಿಕರ ಬರಲಿಲ್ಲ, ಗೌರವ ಹುಟ್ಟಿತು. ಆಮೇಲಿನ ಬರಹಗಳಲ್ಲಿ ಕೈಗಳು ಮಾಯವಾಗಿ ಕಣ್ಣೀರು ಬಂತು. ಮೆಚ್ಚುಗೆ ಎಲ್ಲಿ ಹೆಚ್ಚು ಬರುತ್ತದೆಂದು ತಿಳಿದ ಮೇಲೆ ಬರಹ ತಾನಾಗಿಯೇ ಅತ್ತ ವಾಲಿದೆ, ನೀವು ಗಮನಿಸಿಲ್ಲ ಅಷ್ಟೆ. ದುಡ್ಡು ಬಂದದ್ದು ಕೂಡ ಕಣ್ಣೀರಿನ ಬರಹಕ್ಕೇ ಹೊರತು ಕಸುಬಿನ ಬರಹಕ್ಕಲ್ಲ.

ಹೆಸರಿನ ವಿಷಯದಲ್ಲಿಯೂ ಒಂದು ಮಾತಿದೆ. ನೀವು ನೋವಿನ ಜೊತೆಗೆ ಮುಖ ತೋರಿಸಿದಿರಿ. ಅವರ ಹಾಡನ್ನು ಹಾಕಿದಾಗ ಮಾತ್ರ "ಜನಪದ ಗೀತೆ" ಎಂದು ಬರೆದು ಅವರ ಹೆಸರನ್ನೇ ಬಿಟ್ಟಿರಿ. ಇದು ತಿರುವುಮುರುವಾಗಬೇಕಿತ್ತು. ಸಂಕಟವನ್ನು ಬರೆಯಲೇಬೇಕಾಗಿ ಬಂದರೆ, ಅವರು ಒಪ್ಪಿದರೂ ಊರು, ಹೆಸರು, ಗುರುತು ಮರೆಸಿ ಬರೆಯಿರಿ. ವಿದ್ಯೆಯನ್ನು ಬರೆಯುವಾಗ, ಅವರು ಬೇಡವೆನ್ನದ ಹೊರತು, ಪೂರ್ತಿ ಹೆಸರನ್ನೇ ಹಾಕಿ. ನಮ್ಮದೇ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ಬೀಸುವ ಪದ, ಸೋಬಾನೆ ಪದಗಳನ್ನು ಬಲ್ಲ ಒಬ್ಬರು ಇದೇ ಜಿಲ್ಲೆಯ ಬಸ್ಸಿನಲ್ಲಿ ದಿನವೂ ಓಡಾಡುತ್ತಿದ್ದಾರೆಂಬುದು ಹೆಸರು ಸಮೇತ ದಾಖಲಾಗಬೇಕಾದ ಸಂಗತಿ. ಮಗಳ ಅತ್ತೆಯ ಮನೆಯವರ ಕಣ್ಣಿಗೆ ಅಂಥ ಬರಹ ಬಿದ್ದರೆ ಅವಳು ತಲೆ ತಗ್ಗಿಸಬೇಕಾಗುವುದಿಲ್ಲ.

ಮುಂದೆ ಯಾರ ಬಗ್ಗೆ ಬರೆದರೂ ಅಚ್ಚಿಗೋ ಮೊಬೈಲಿಗೋ ಹಾಕುವ ಮೊದಲು ಅವರ ಎದುರು ಕುಳಿತು ಗಟ್ಟಿಯಾಗಿ ಓದಿ ಹೇಳಿ. ಓದಲು ಬಾರದವರಿಗೂ ಕೇಳಿಸಿಕೊಂಡು ತಿದ್ದಲು ಬರುತ್ತದೆ. ಇಂಥಲ್ಲಿ ಹಿಂಗಲ್ರೀ, ಹಂಗ ಎನ್ನುತ್ತಾರೆ, ಇದೊಂದು ಬ್ಯಾಡ ತಗೀರಿ ಎನ್ನುತ್ತಾರೆ. ಓದುವಾಗ ನಿಮ್ಮ ದನಿ ಯಾವ ಸಾಲಿನಲ್ಲಿ ತಡವರಿಸುತ್ತದೋ, ಅವರು ಹೇಳುವ ಮೊದಲೇ ನೀವು ಆ ಸಾಲನ್ನು ಹೊಡೆದುಹಾಕುತ್ತೀರಿ. ತಗೀರಿ ಎಂದದ್ದನ್ನು ಏಕೆ ಎಂದು ಕೇಳದೆ ತೆಗೆಯಿರಿ, ಅದೇ ನಿಮ್ಮ ಬರಹದ ಅತ್ಯುತ್ತಮ ಭಾಗವಾಗಿದ್ದರೂ ಸರಿಯೇ.

ನಿಮ್ಮ ಯಜಮಾನರ ಮಾತಿನಲ್ಲಿ ನಿಮ್ಮ ಬಗೆಗಿನ ಕಾಳಜಿ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಸ್ಸಿನ ಪರಿಚಯ ಬಸ್ಸಿನಲ್ಲೇ ಮುಗಿಯಬೇಕೆಂಬುದನ್ನು ಒಪ್ಪಲಾರೆ. ದೊಡ್ಡವ್ವ ಎಂದು ಕರೆದ ಮೇಲೆ ಅವರ ಮನೆಯ ದೇವರ ಕಾರ್ಯಕ್ಕೆ ಹೋಗುವುದೂ ಅವರು ನಿಮ್ಮ ಮನೆಯ ಹಬ್ಬಕ್ಕೆ ಬರುವುದೂ ಆ ಕರೆಯಲ್ಲೇ ಸೇರಿದೆ. ಒಂದು ಭಾನುವಾರ ಯಜಮಾನರನ್ನೂ ಕರೆದುಕೊಂಡು ಹೋಗಿ. ಬರಹದಲ್ಲಷ್ಟೇ ಕಂಡ ದೊಡ್ಡವ್ವನ ಜೊತೆ ಅವರು ಒಮ್ಮೆ ಎದುರಾಎದುರು ಕುಳಿತು ಮಾತಾಡಲಿ.

ಪುಸ್ತಕದ ಬಗ್ಗೆ ಪ್ರಕಾಶಕರಿಗೆ ಸದ್ಯ ಬೇಡವೆಂದು ಹೇಳಿ, ಕಾರಣವನ್ನೂ ಹೇಳಿ. ಮಗಳ ಮದುವೆ ಮುಗಿಯಲಿ, ಮೆಣಸಿನಕಾಯಿಯ ಈ ಸುಗ್ಗಿ ಕಳೆಯಲಿ, ಕೆಲಸ ಕಡಿಮೆಯಿರುವ ಮಳೆಗಾಲದಲ್ಲಿ ಉಳಿದ ಬರಹಗಳನ್ನು ಅವರಿಬ್ಬರಿಗೂ ಓದಿ ಹೇಳಿ ಕೇಳಿ. ಅವರು ಹೂಂ ಎಂದರೆ ಕರಾರಿನಲ್ಲಿ ದೊಡ್ಡವ್ವನ ಪಾಲು ಎಷ್ಟೆಂದು ಮೊದಲೇ ಬರೆಸಿ. ಅದು ದಾನವಲ್ಲ, ಅವರ ಮಾತಿಗೆ, ಅವರ ಹಾಡಿಗೆ ಸಲ್ಲಬೇಕಾದ ಕೂಲಿ, ಅದನ್ನು ಅವರು ನಿರಾಕರಿಸಲಾರರು ಎಂದು ನನಗೆ ಅನ್ನಿಸುತ್ತದೆ. ಒಲ್ಲೆ ಎಂದರೆ ಬರಹಗಳನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಇನ್ನೊಮ್ಮೆ ಕೇಳಲು ಹೋಗಬೇಡಿ.